ಅಂಬುಬಾಯಿಯ ಸಾಲು

"ಅಕ್ಕೋರ, ನಮ್ಮವ್ವನ ಸಾಲು ಯಾವ್ದು?"

ಆಟೋದಿಂದ ಪೇಟಿ ಇಳಿಸುತ್ತಿದ್ದ ಭುವನೇಶ್ವರಿಯ ಕೈ ಸಡಿಲಾಯಿತು. ಇನ್ನೊಂದು ತುದಿ ಹಿಡಿದಿದ್ದ ರುಕ್ಮಿಣಿಬಾಯಿ, ಭಾರವೆಲ್ಲ ತನ್ನ ಮೇಲೆ ಬಿದ್ದದ್ದಕ್ಕೆ "ಯವ್ವಾ" ಎಂದು ನರಳಿ, ಆ ಹಾರ್ಮೋನಿಯಮ್ಮನ್ನು ಹೇಗೋ ಗಿರಣಿಯ ಕಟ್ಟೆಯ ಮೇಲೆ ಇಟ್ಟಳು. ಎಪ್ಪತ್ತರ ಹೆಂಗಸಿಗೆ ಹೊರಿಸುವ ಭಾರವಲ್ಲ ಅದು. ಭುವನೇಶ್ವರಿಗೆ ಅದರ ಕಡೆ ಗಮನವೇ ಇರಲಿಲ್ಲ.

ಕೇಳಿದವಳು ಶೀತಲ್, ತೀರಿಹೋದ ಅಂಬುಬಾಯಿಯ ಒಬ್ಬಳೇ ಮಗಳು. ಹುಮನಾಬಾದಿನ ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕ್ ಮಾಡುವ ಕೆಲಸ ಅವಳದು. ನಿನ್ನೆ ಸಂಜೆ ಪಾಳಿಯಲ್ಲಿದ್ದಾಗ ಅಪ್ಪನ ಫೋನ್ ಬಂದಿತ್ತು. ಜೋಳದ ಚೀಲದ ಮೇಲೆ ಎದೆ ಹಿಡಿದುಕೊಂಡು ಕೂತ ಅವ್ವ ಮತ್ತೆ ಏಳಲಿಲ್ಲ ಎಂದು. ರಾತ್ರಿಯೆಲ್ಲ ಅತ್ತು ಮುಖ ಊದಿದ್ದರೂ ದನಿ ಮಾತ್ರ ಗಟ್ಟಿಯಾಗಿಯೇ ಇತ್ತು. ಗಿರಣಿ ಮನೆಯಲ್ಲಿ ಬೆಳೆದವರಿಗೆ ಮೆಲ್ಲಗೆ ಮಾತಾಡಿ ರೂಢಿ ಇರುವುದಿಲ್ಲ.

"ಸ್ವಾಮಿಗೋಳು ನಾಲ್ಕಕ್ಕ ಅವ್ವನ್ನ ಎತ್ತಬೇಕಂದಾರ್ರಿ. ಅಷ್ಟ್ರಾಗ ಒಂದೆರಡ ಸಲ ಅಂದು ನೋಡ್ತೀನಿ. ಯಾವ್ದು ಹೇಳ್ರಿ."

"ಹೇಳ್ತೀನವ್ವ. ಮೊದ್ಲು ನಿಮ್ಮವ್ವನ ಮುಖ ನೋಡಿ ಬರ್ತೀನಿ," ಎಂದಳು ಭುವನೇಶ್ವರಿ.

"ಆಕಿಗಿ ನಾ ಎಷ್ಟ ಸಲ ಕೇಳೀನಿ. ಆ ದಿನ ಅಕ್ಕೋರ ಹೇಳ್ತಾರ ತಗೋ, ಅಂತಿದ್ಲು."

ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿ, ಎಂಥೆಂಥ ಅಧಿಕಾರಿಗಳಿಗೆ ಉತ್ತರ ಕೊಟ್ಟು ನಿವೃತ್ತಿಯಾದ ಭುವನೇಶ್ವರಿ, ಈ ಒಂದು ಪ್ರಶ್ನೆಗೆ ಚಪ್ಪಲಿ ಬಿಡುವ ನೆಪದಲ್ಲಿ ತಲೆ ತಗ್ಗಿಸಿದಳು.

ಬಸವಕಲ್ಯಾಣದ ಸೋಮವಾರದ ಬಳಗ ಇಪ್ಪತ್ತೆರಡು ವರ್ಷದ್ದು. ಸೋಮವಾರ ಸಂಜೆ ಮಠದ ಪಡಸಾಲೆಯಲ್ಲಿ ಹತ್ತು ಹೆಂಗಸರು ಕೂಡಿ ಭಜನೆ ಹಾಡುವುದು, ಆಮೇಲೆ ಚಹಾ, ಚೂಡಾ, ಊರಿನ ಸುದ್ದಿ. ನಮ್ಮ ಬಳಗದಲ್ಲಿ ಯಾರೂ ಯಾರ ಮನಸ್ಸನ್ನೂ ನೋಯಿಸುವುದಿಲ್ಲ ಎಂದು ಅವರಿಗೆ ದೊಡ್ಡ ಹೆಮ್ಮೆ. ಕೊನೆಗೆ ಹಾಡುವ ಮಂಗಳದ ಪದವನ್ನು ಭುವನೇಶ್ವರಿಯೇ ಕಟ್ಟಿದ್ದಳು. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಆ ಸಾಲನ್ನು ಅವರೇ ಮೊದಲು ಎತ್ತಬೇಕು, ಉಳಿದವರು ಹಿಂದಿನಿಂದ ಕೂಡಿಕೊಳ್ಳಬೇಕು. ಬಳಗದವರು ತೀರಿಕೊಂಡರೆ ಶವದ ಮುಂದೆ ಅವರ ಸಾಲನ್ನು ಅವರ ಮನೆಯವರೊಬ್ಬರು ಎತ್ತಬೇಕು. ನಾಲ್ಕು ವರ್ಷದ ಹಿಂದೆ ಕಾಶಿಬಾಯಿ ಹೋದಾಗ ಅವಳ ತಂಗಿ ಎತ್ತಿದ್ದಳು. ಓಣಿಗೆ ಓಣಿಯೇ ಅತ್ತಿತ್ತು. ಆ ಗುಂಪಿನಲ್ಲಿ ಶೀತಲ್ ಕೂಡ ಇದ್ದಳು.

ಅಂಬುಬಾಯಿ ಬಳಗದ ಹತ್ತನೆಯವಳು. ಪದಕ್ಕೆ ಇದ್ದದ್ದು ಒಂಬತ್ತೇ ಸಾಲು.

*

ಒಳಗೆ ಅಂಬುಬಾಯಿಯನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಹಸಿರು ಸೀರೆ. ಕಿವಿಯ ಹಿಂದೆ ಇನ್ನೂ ಸ್ವಲ್ಪ ಹಿಟ್ಟಿನ ಬಿಳುಪು ಉಳಿದಿತ್ತು. ಮೈ ತೊಳೆದವರ ಕಣ್ಣಿಗೆ ಬಿದ್ದಿರಲಿಲ್ಲ. ಭುವನೇಶ್ವರಿ ಕೈಮುಗಿದು ಕೂತಳು. ಅವಳ ಕಣ್ಣು ಬೇಡವೆಂದರೂ ಆ ಮುಚ್ಚಿದ ತುಟಿಗಳ ಮೇಲೆಯೇ ಹೋಗಿ ನಿಲ್ಲುತ್ತಿತ್ತು.

"ಬಂದ್ರಿ, ಅಕ್ಕೋರ?" ಎಂದ ವೈಜನಾಥ, ಅಂಬುಬಾಯಿಯ ಗಂಡ. ಒಂದೇ ರಾತ್ರಿಯಲ್ಲಿ ಇಳಿದುಹೋಗಿದ್ದ. "ಸೋಮವಾರ ಅಂದ್ರ ಜೀವ ಆಕಿಗಿ. ಗಿರಾಕಿ ನಿಂತಿದ್ರೂ ಐದಕ್ಕ ಗಿರಣಿ ಬಂದ್. ಹಾಡಿ ಹಾಡಿ ಗಂಟ್ಲ ಕುಂದರತಿತ್ತು. ಮನಿಗಿ ಬಂದು ಬಿಸಿನೀರಿನ್ಯಾಗ ಮೆಣಸಿನಪುಡಿ ಹಾಕ್ಕೊಂಡು ಕುಡೀತಿದ್ಲು. ಗಂಟ್ಲ ನೋಯ್ತಾದಂತ."

ಭುವನೇಶ್ವರಿಯ ಪಕ್ಕದಲ್ಲಿದ್ದ ರುಕ್ಮಿಣಿಬಾಯಿ ತಾಳದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ನಿಮ್ಮ ಭಜನಿ ನನಗೂ ಬಾಯಿಪಾಠ ಅದರಿ, ಅಕ್ಕೋರ," ಎಂದಳು ಪಕ್ಕದ ಮನೆಯ ಸರ್ದಾರಬಿ. ಬೆಳಗಿನಿಂದ ಅವಳು ಶೀತಲ್‌ಳನ್ನು ಬಿಟ್ಟು ಕದಲಿರಲಿಲ್ಲ. "ಗಿರಣಿ ಚಾಲೂ ಇದ್ದಾಗ ಅಂಬು ಹಾಡ್ತಿದ್ಲು. ಗಡಗಡ ಆವಾಜಿನ್ಯಾಗ ಬ್ಯಾರೇದವ್ರಿಗಿ ಕೇಳಸ್ತಿದ್ದಿಲ್ಲ. ನಾ ಹಿಟ್ಟ ತಗೊಳ್ಳಾಕ ಬಾಜೂಕ ನಿಂತಿರ್ತಿದ್ದೆ, ನನಗ ಕೇಳಸ್ತಿತ್ತು. ಎಷ್ಟ ದಿಲ್ ಇಟ್ಟು ಹಾಡ್ತಿದ್ಲು!"

ಭುವನೇಶ್ವರಿ ಗಕ್ಕನೆ ತಲೆ ಎತ್ತಿದಳು. ಅಂಬು ಹಾಡುತ್ತಿದ್ದಳೇ? ಎಲ್ಲೋ ಒಂದು ಕಡೆ ಹಾಡುತ್ತಿದ್ದಳು ಎಂದು ಕೇಳಿ ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಯಾರಿಗೂ ಕೇಳದ ಜಾಗ ಹುಡುಕಿಕೊಂಡು ಹಾಡುತ್ತಿದ್ದಳು ಎಂಬುದಷ್ಟೇ ಎದೆಗೆ ಬಂದು ನಾಟಿತು.

*

ಹತ್ತೊಂಬತ್ತು ವರ್ಷದ ಹಿಂದೆ ಹುಮನಾಬಾದಿನಲ್ಲಿ ಒಂದು ಭಜನಾ ಸ್ಪರ್ಧೆ. ಬೀದರ, ಕಲಬುರಗಿ ಕಡೆಯಿಂದ ಹದಿನಾಲ್ಕು ಮೇಳಗಳು ಬಂದಿದ್ದವು. ಸೋಮವಾರದ ಬಳಗ ಊರು ಬಿಟ್ಟು ಹಾಡಲು ಹೋದದ್ದು ಅದೇ ಮೊದಲು. ಎಲ್ಲರೂ ಒಂದೇ ಬಣ್ಣದ ಸೀರೆ ಉಟ್ಟು, ಬಸ್ಸಿನಲ್ಲಿ ಹಿಂದಿನ ಸೀಟುಗಳನ್ನೆಲ್ಲ ಹಿಡಿದು, ದಾರಿಯುದ್ದಕ್ಕೂ ಹಾಡಿಕೊಂಡೇ ಹೋದರು. ಕಂಡಕ್ಟರ್ ಕೂಡ ಒಂದು ಪದಕ್ಕೆ ಚಪ್ಪಾಳೆ ಹಾಕಿದ್ದ.

ಕಲ್ಯಾಣ ಮಂಟಪದ ಹಿಂದಿನ ಕೋಣೆಯಲ್ಲಿ ಭುವನೇಶ್ವರಿ ಪೇಟಿಗೆ ದನಿ ಕೂಡಿಸಿ ನೋಡಿದಳು. ಒಂಬತ್ತು ದನಿ ಕೂಡಿದವು. ಅಂಬುಬಾಯಿಯದು ಮಾತ್ರ ಪೇಟಿಯ ಬಿಳಿ ಮನೆಗೂ ಸಿಗಲಿಲ್ಲ, ಪಕ್ಕದ ಕರಿ ಮನೆಗೂ ಸಿಗಲಿಲ್ಲ. ಎರಡರ ನಡುವೆ ಎಲ್ಲೋ ನಿಂತು ಧೈರ್ಯವಾಗಿ ಮೊಳಗುತ್ತಿತ್ತು. ಮೆಲ್ಲಗೆ ಹಾಡಿದ್ದರೆ ಉಳಿದವರ ದನಿಯಲ್ಲಿ ಮುಚ್ಚಿಹೋಗುತ್ತಿತ್ತೇನೋ. ಹೊರಗೆ ಇನ್ನೊಂದು ಮೇಳ ಹಾಡಿ ಮುಗಿಸಿತ್ತು, ಮುಂದಿನ ಹೆಸರು ಇವರದೇ.

ಭುವನೇಶ್ವರಿ ಅವಳನ್ನು ಬಾಗಿಲ ಮರೆಗೆ ಕರೆದಳು. "ಅಂಬು, ಬ್ಯಾಸರಾ ಮಾಡ್ಕೋಬ್ಯಾಡ. ಇವತ್ತೊಂದು ದಿನ ತುಟಿ ಅಷ್ಟ ಆಡಿಸು. ಆವಾಜ್ ತಗೀಬ್ಯಾಡ."

"ಹಾಂಗಂದ್ರ?"

"ಹಾಡಿದಾಂಗ ಮಾಡು. ಹಾಡಬ್ಯಾಡ."

ಅಂಬುಬಾಯಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ನಕ್ಕಳು. "ಆಗ್ಲೇಳ್ರಿ, ಅಕ್ಕೋರ. ನನ್ನಿಂದ ಬಳಗಕ್ಕ ಕಮ್ಮಿ ಆಗಬಾರ್ದು."

ಎರಡನೆಯ ಬಹುಮಾನ ಬಂತು, ಒಂದು ಹಿತ್ತಾಳೆಯ ಸಮೆ, ಎತ್ತರದ ದೀಪದ ಕಂಬ. ಎಲ್ಲರಿಗಿಂತ ಹೆಚ್ಚು ಕುಣಿದಾಡಿದವಳು ಅಂಬುಬಾಯಿ. ಬಸವಕಲ್ಯಾಣ ಬರುವವರೆಗೆ ಆ ಸಮೆಯನ್ನು ಮಡಿಲಲ್ಲಿಟ್ಟುಕೊಂಡು, ಯಾರು ಕೇಳಿದರೂ ಕೊಡಲಿಲ್ಲ.

ಮುಂದಿನ ಸೋಮವಾರ ಪಡಸಾಲೆಯಲ್ಲಿ ಹಾಡು ಬಹಳ ಹದವಾಗಿ ಎದ್ದಿತು. ಇದೇನು ಇವತ್ತು ಇಷ್ಟು ಚೆನ್ನಾಗಿದೆ ಎಂದು ಭುವನೇಶ್ವರಿ ತಲೆ ಎತ್ತಿ ನೋಡಿದಳು. ಅಂಬುಬಾಯಿ ಕಣ್ಣು ಮುಚ್ಚಿಕೊಂಡು ತುಟಿ ಆಡಿಸುತ್ತಿದ್ದಳು, ದನಿ ಇರಲಿಲ್ಲ. ಒಂದು ದಿನ ಅಂದಿದ್ದೆನಲ್ಲ ಮಾರಾಯ್ತಿ ಎಂದು ಹೇಳಬೇಕಿತ್ತು. ಚಹಾ ಹೊತ್ತಿಗೆ ಹೇಳಿದರಾಯಿತು ಎಂದುಕೊಂಡಳು. ಚಹಾ ಹೊತ್ತಿಗೆ, ಮುಂದಿನ ವಾರ ಹೇಳಿದರಾಯಿತು ಎಂದುಕೊಂಡಳು. ವಾರಗಳಿಗೇನು ಕೊರತೆ. ಅಂಬುಬಾಯಿಯ ಎಡಬಲ ಕೂಡುವವರಿಗೆ ಗೊತ್ತಾಗದೆ ಇರುತ್ತದೆಯೇ? ಅವರೂ ಹೇಳಲಿಲ್ಲ. ಯಾರ ಮನಸ್ಸನ್ನೂ ನೋಯಿಸದ ಬಳಗವಲ್ಲವೇ.

ಮರುವರ್ಷ ಮಂಗಳದ ಪದ ಕಟ್ಟಿದಾಗ ಅಂಬುಬಾಯಿಯೇ, "ನನಗ್ಯಾಕ್ರಿ ಸಾಲು? ನಾ ಎಲ್ಲಾರ ಜೋಡಿ ಇರ್ತೀನಿ" ಎಂದಿದ್ದಳು. ಅಷ್ಟು ಹೇಳಿ ಸ್ವಲ್ಪ ಹೊತ್ತು ಭುವನೇಶ್ವರಿಯ ಮುಖವನ್ನೇ ನೋಡಿದ್ದಳು. ಹತ್ತನೆಯ ಸಾಲು ಬರೆಯುವುದು ಅರ್ಧ ತಾಸಿನ ಕೆಲಸ. ಭುವನೇಶ್ವರಿ ಬರೆಯಲಿಲ್ಲ. ಆಮೇಲೆ ಹದಿನೆಂಟು ವರ್ಷ ಅದನ್ನು ಬರೆಯದೆ ಇದ್ದದ್ದಕ್ಕೆ ಅವಳ ಹತ್ತಿರ ಯಾವ ಕಾರಣವೂ ಇರಲಿಲ್ಲ. ಹಾಡು ಚೆನ್ನಾಗಿ ಕೇಳಿಸುತ್ತಿತ್ತು, ಅಷ್ಟೇ.

*

"ನಂದ ಕೊಟ್ಟಬಿಡ್ರಿ," ಎಂದಳು ರುಕ್ಮಿಣಿಬಾಯಿ. ಇಬ್ಬರೂ ಗಿರಣಿಯೊಳಗೆ ಬಂದು ಬಾಗಿಲು ಮುಂದೆ ಮಾಡಿಕೊಂಡಿದ್ದರು. ಮೋಟಾರಿನ ಪಟ್ಟಿ ಇಳಿಬಿದ್ದಿತ್ತು, ಅರ್ಧ ಬೀಸಿದ ಜೋಳ ಹಾಗೇ ನಿಂತಿತ್ತು. "ಐದನೇ ಸಾಲು ಅಂಬೂಂದು ಅನ್ರಿ. ನಾ ಹ್ಯಾಂಗೂ ಇನ್ನ ಎಷ್ಟ ದಿನ ಹಾಡಾಕಿ? ಆ ಕೂಸು ಅವ್ವನ ಸಾಲಂತ ಹಾಡ್ಲಿ. ಯಾರ್ದೇನ್ ಹೋಗ್ತಾದ?"

"ಸುಳ್ಳ ಹೇಳ್ಲೇನು, ರುಕ್ಮಿಣಕ್ಕ? ಹೆಣ ಮುಂದಿಟ್ಕೊಂಡು?"

"ಖರೆ ಹೇಳಿ ಏನ್ ಮಾಡ್ತೀರಿ? ನಿಮ್ಮವ್ವ ಇಷ್ಟ ವರ್ಷ ಸುಮ್ಮನ ಕುಂತಿದ್ಲು ಅಂತೀರೇನು? ವೈಜನಾಥನ ಮುಖ ನೋಡೀರಿಲ್ಲೋ?"

ನೋಡಿದ್ದಳು. ಮೆಣಸಿನಪುಡಿಯ ಬಿಸಿನೀರಿನ ಮಾತು ಇನ್ನೂ ಕಿವಿಯಲ್ಲೇ ಇತ್ತು. ಹೊರಗೆ ಬಿದಿರು ಕಟ್ಟುವ ಸಪ್ಪಳ ನಿಂತು, ಹೆಣ ಕೂಡಿಸಿ ಒಯ್ಯುವ ವಿಮಾನಕ್ಕೆ ಹೂವಿನ ಸರ ಏರಿಸುತ್ತಿದ್ದರು. ಮೂರೂವರೆ ಆಗಿಹೋಗಿತ್ತು. ಬಳಗದ ಉಳಿದ ಆರು ಹೆಂಗಸರು ಅಂಗಳದಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಪ್ರಶ್ನೆ ಅವರಿಗೂ ಮುಟ್ಟಿತ್ತು.

ರುಕ್ಮಿಣಿಬಾಯಿ ಅಂದಂತೆ ಹೇಳಿಬಿಟ್ಟರೆ ಮುಗಿಯುತ್ತದೆ ಎನ್ನಿಸಿತು ಭುವನೇಶ್ವರಿಗೆ. ಬಾಗಿಲು ತೆಗೆದು ಹೊರಗೆ ಬಂದಳು. ಶೀತಲ್ ಕೈಯಲ್ಲಿ ಒಂದು ಮಡಚಿದ ಹಾಳೆ ಹಿಡಿದುಕೊಂಡು ಅಲ್ಲೇ ಕಾಯುತ್ತಿದ್ದಳು.

"ಐದನೇದವ್ವ," ಎಂದಳು ಭುವನೇಶ್ವರಿ. "'ಕೈಯ ಕೆಲಸವೆಲ್ಲ ನಿನ್ನ ಪೂಜೆಯಾಗಲಿ.' ಅದ ನಿಮ್ಮವ್ವಂದು."

ಶೀತಲ್‌ಳ ಮುಖ ಬದಲಾಗಲಿಲ್ಲ. "ಅದು ರುಕ್ಮಿಣಿ ಕಾಕೂಂದು," ಎಂದಳು.

ರುಕ್ಮಿಣಿಬಾಯಿ ಬಾಗಿಲ ಮರೆಗೆ ಸರಿದಳು.

"ಅವ್ವ ಗಿರಣ್ಯಾಗ ಹಾಡೂ ಮುಂದ ಒಂದೊಂದು ಸಾಲಿಗೂ ಹೆಸರ ಹಿಡೀತಿದ್ಲು. ಇದು ರುಕ್ಮಿಣಕ್ಕಂದು, ಇದು ಕಾಶಿಬಾಯೀದು, ಏಳನೇದು ನಮ್ಮ ಅಕ್ಕೋರದು. ಸಣ್ಣಾಕಿ ಇದ್ದಾಗಿಂದ ಚೀಲದ ಮ್ಯಾಗ ಕುಂತು ಕೇಳೀನಿ." ಅವಳು ಹಾಳೆ ಬಿಚ್ಚಿದಳು. "ಬೆಳಗಿಂದ ಬರದು ಬರದು ನೋಡಾಕತ್ತೀನ್ರಿ. ಒಂಬತ್ತು ಸಾಲು, ಒಂಬತ್ತು ಹೆಸರು. ನಮ್ಮವ್ವ ಎಲ್ಲಿ?"

"ನಾನ ಹಾಂಗ ಹೇಳಂದಿದ್ದೆ, ತಂಗಿ," ಎಂದು ರುಕ್ಮಿಣಿಬಾಯಿ ಮುಂದೆ ಬಂದಳು. "ಸಿಟ್ಟಾಗಬ್ಯಾಡ."

"ನಿಮಗ ಕೇಳಾಕತ್ತಿಲ್ಲ, ಕಾಕು. ಅಕ್ಕೋರಿಗಿ ಕೇಳಾಕತ್ತೀನಿ."

ಭುವನೇಶ್ವರಿ ಕಟ್ಟೆಯ ಮೇಲೆ ಕೂತಳು. "ನಿಮ್ಮವ್ವಗ ಸಾಲು ಇಲ್ಲವ್ವ. ನಾ ಕೊಟ್ಟಿಲ್ಲ. ಹುಮನಾಬಾದಿನ್ಯಾಗ ಸ್ಪರ್ಧಾ ಇತ್ತು. ಆಕಿ ದನಿ ಪೇಟಿಗಿ ಕೂಡಲಿಲ್ಲ. ಇವತ್ತೊಂದು ದಿನ ತುಟಿ ಅಷ್ಟ ಆಡಿಸು ಅಂದೆ. ಆಕಿ ಮುಂದನೂ ಹಾಂಗೇ ಮಾಡಿದ್ಲು. ನಾ ನೋಡಿದೆ. ನೋಡಿ ಸುಮ್ಮನಾದೆ."

"ಎಷ್ಟ ವರ್ಷ?"

"ಹತ್ತೊಂಬತ್ತು."

ಅಂಗಳದಲ್ಲಿ ಹೂ ಕಟ್ಟುತ್ತಿದ್ದವರೂ ಕೈ ನಿಲ್ಲಿಸಿದ್ದರು. ಬಾಗಿಲಲ್ಲಿ ವೈಜನಾಥ ನಿಂತಿದ್ದ. ಅವನು ಎಷ್ಟು ಹೊತ್ತಿನಿಂದ ನಿಂತಿದ್ದನೋ ಗೊತ್ತಿಲ್ಲ. ಬೈಯುತ್ತಾನೆ ಎಂದು ಭುವನೇಶ್ವರಿ ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು. ಅವನು ನಿಜವಾಗಿಯೂ ತಿಳಿಯದವನಂತೆ ಕೇಳಿದ:

"ಹಾಂಗಾದ್ರ ಆಕಿ ಗಂಟ್ಲ ಯಾಕ ನೋಯ್ತಿತ್ತು, ಅಕ್ಕೋರ?"

ಭುವನೇಶ್ವರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಸರ್ದಾರಬಿ ಬಂದು ಶೀತಲ್‌ಳ ಭುಜ ಹಿಡಿದಳು. "ಬೇಟಿ, ಇವತ್ತ ಜಗಳ ನಕೋ. ಅವ್ವ ಕುಂತಾಳ."

"ನಾ ಜಗಳ ಮಾಡಾಕತ್ತಿಲ್ಲ, ಖಾಲಾ," ಎಂದಳು ಶೀತಲ್. ಹಾಳೆಯನ್ನು ಮತ್ತೆ ಮಡಚಿಕೊಂಡಳು.

"ಹೊತ್ತಾತು, ಎತ್ರಿ," ಎಂದು ಒಳಗಿನಿಂದ ಸ್ವಾಮಿಗಳ ಕೂಗು ಬಂತು.

*

ಅಂಬುಬಾಯಿಯನ್ನು ತಂದು ವಿಮಾನದಲ್ಲಿ ಕೂಡಿಸಿದರು. ಹೂವಿನ ಸರಗಳ ನಡುವೆ ಅವಳ ಮುಖ ಸ್ವಲ್ಪ ಒಂದು ಕಡೆ ವಾಲಿತ್ತು. ವೈಜನಾಥ ಸರಿಮಾಡಿದ, ಅದು ಮತ್ತೆ ವಾಲಿತು.

ಭುವನೇಶ್ವರಿ ಕಣ್ಣೊರೆಸಿಕೊಂಡು ಎದ್ದಳು. ಪೇಟಿಯ ಹಿಡಿಕೆಗೆ ಕೈ ಹಾಕಿ ರುಕ್ಮಿಣಿಬಾಯಿಗೆ, "ನಡೀರಿ, ರುಕ್ಮಿಣಕ್ಕ. ನಮಗ ಹಾಡೂ ಮುಖ ಉಳದಿಲ್ಲ" ಎಂದಳು. ಬಳಗದವರು ಒಬ್ಬೊಬ್ಬರಾಗಿ ಬಾಗಿಲ ಕಡೆ ಸರಿಯತೊಡಗಿದರು.

"ಎಲ್ಲಿ ಹೊಂಟ್ರಿ?"

ಶೀತಲ್ ಓಣಿಯ ನಡುವೆ, ವಿಮಾನದ ಮುಂದೆ ನಿಂತಿದ್ದಳು. ಎಂಟೂ ಹೆಂಗಸರು ಅಲ್ಲೇ ನಿಂತರು.

"ನಮ್ಮವ್ವ ಬಳಗದಾಕಿ. ಬಳಗ ಮುಂದ ನಡೀಬೇಕು. ಬರ್ರಿ, ಸಾಲಾಗಿ ನಿಂದರ್ರಿ." ಆಮೇಲೆ ಭುವನೇಶ್ವರಿಯನ್ನು ನೋಡಿ ಹೇಳಿದಳು, "ಪೇಟಿ ಅಲ್ಲೇ ಇರ್ಲಿ, ತಾಳನೂ ಬ್ಯಾಡ. ಹಾಡು ನಾ ಹಾಡ್ತೀನಿ. ನೀವು ತುಟಿ ಅಷ್ಟ ಆಡಸ್ರಿ. ಇವತ್ತೊಂದು ದಿನ."

ರುಕ್ಮಿಣಿಬಾಯಿ ಏನೋ ಅನ್ನಲು ಹೋದಳು. ಭುವನೇಶ್ವರಿ ಅವಳ ಕೈಯೊತ್ತಿ ಸುಮ್ಮನಾಗಿಸಿ, ತಾನೇ ಮೊದಲು ಹೋಗಿ ನಿಂತಳು. ಉಳಿದವರು ಅವಳ ಹಿಂದೆ ಬಂದರು. ಗಂಡಸರು ವಿಮಾನಕ್ಕೆ ಹೆಗಲು ಕೊಟ್ಟರು.

"ಒಂದನೇದು, ಕಮಲಾಕ್ಷಿಬಾಯೀದು," ಎಂದು ಹೇಳಿ ಶೀತಲ್ ಹಾಡಿದಳು. ಹಾಳೆ ನೋಡಲಿಲ್ಲ. ದನಿ ಅಂಬುಬಾಯಿಯದೇ. ಅದೇ ಗಟ್ಟಿತನ, ಪೇಟಿಯ ಯಾವ ಮನೆಗೂ ಸಿಗದ ಅದೇ ಸ್ವರ. ಓಣಿಯ ಬಾಗಿಲುಗಳಿಗೆ ಜನ ಬಂದು ನಿಂತರು. ಹಾಡು ಯಾಕೆ ಹೀಗಿದೆ, ಎಂಟು ಹೆಂಗಸರ ಬಾಯಿ ಆಡುತ್ತಿದ್ದರೂ ಒಂದೇ ದನಿ ಯಾಕೆ ಕೇಳುತ್ತಿದೆ ಎಂದು ಅವರಿಗೆ ತಿಳಿಯಲಿಲ್ಲ. ಕಿಲ್ಲೆಯ ಕಡೆ ತಿರುಗುವ ಮೂಲೆಯಲ್ಲಿ ಚಹಾ ಅಂಗಡಿಯವನು ಗ್ಯಾಸ್ ಆರಿಸಿ ಎದ್ದು ನಿಂತ.

ಐದನೆಯದು ಬಂತು. ರುಕ್ಮಿಣಿಬಾಯಿ ತನ್ನ ಸಾಲಿಗೆ ತುಟಿ ಆಡಿಸುತ್ತ, ಗಲ್ಲದ ಮೇಲೆ ಇಳಿಯುವ ನೀರನ್ನು ಒರೆಸದೆ ನಡೆದಳು. ಆರನೆಯದು ಮುಗಿಯಿತು.

"ಏಳನೇದು, ನಮ್ಮ ಅಕ್ಕೋರದು."

'ನೀ ಕೊಟ್ಟ ದನಿಯ ನಿನಗೇ ಒಪ್ಪಿಸಬಂದೆ.' ಭುವನೇಶ್ವರಿ ತಾನೇ ಬರೆದ ಸಾಲು. ಹದಿನೆಂಟು ವರ್ಷ ಇದನ್ನು ಅವಳೇ ಎತ್ತಿದ್ದಳು. ಎದೆಯಿಂದ ದನಿ ತಾನಾಗಿ ಎದ್ದು ಬಂತು. ಅವಳು ಅದನ್ನು ಗಂಟಲಲ್ಲೇ ಹಿಡಿದಳು. ಬಾಯಿ ತೆರೆದು, ನಾಲಿಗೆ ಹೊರಳಿಸಿ, ಒಂದೊಂದು ಅಕ್ಷರವನ್ನೂ ಸರಿಯಾಗಿ ಆಡಿಸಿದಳು. ಇಷ್ಟು ಕಷ್ಟದ ಕೆಲಸವನ್ನು ಒಬ್ಬಳಿಗೆ ಹೊರಿಸಿ ತಾನು ಪ್ರತಿ ವಾರ ಚಹಾ ಕುಡಿದು ಮನೆಗೆ ಹೋಗುತ್ತಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಎಂಟು, ಒಂಬತ್ತು. ಹಾಡು ಮುಗಿಯಿತೆಂದು ಹೊತ್ತವರು ಹೆಜ್ಜೆ ಜೋರು ಮಾಡಿದರು. ಶೀತಲ್ ಕೈ ಎತ್ತಿ ಅವರನ್ನು ತಡೆದಳು. ಅಲ್ಲಿಯೇ ತಿರುಗಿ, ಬಳಗಕ್ಕೂ ಅವ್ವನಿಗೂ ಮುಖ ಮಾಡಿ ನಿಂತಳು.

"ಇದು ನಮ್ಮವ್ವಂದು," ಎಂದಳು.

ಅವಳ ತುಟಿಗಳು ಆಡತೊಡಗಿದವು. ದನಿ ಇರಲಿಲ್ಲ. ಬಳಗದವರ ತುಟಿಗಳು ನಿಂತುಹೋದವು, ಹತ್ತನೆಯ ಸಾಲು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಸಾಲು ಹಾಡಲು ಹಿಡಿಯುವಷ್ಟು ಹೊತ್ತು ಓಣಿಯಲ್ಲಿ ಯಾವ ಸಪ್ಪಳವೂ ಆಗಲಿಲ್ಲ. ಭುವನೇಶ್ವರಿ ಎರಡು ಹೆಜ್ಜೆ ಮುಂದೆ ಬಂದು, ಕನ್ನಡಕ ಒರೆಸಿ ಹಾಕಿಕೊಂಡು, ಆ ತುಟಿಗಳು ಏನು ಅನ್ನುತ್ತಿವೆ ಎಂದು ಓದಲು ನೋಡುತ್ತಿದ್ದಳು.